ಗಿಫ್ಟ್ ಲೆಟರ್ ಇಲ್ಲದ ಫೈಲು

ಅಮೆರಿಕದ ಮನೆ ಸಾಲದ ಫೈಲಿನಲ್ಲಿ ಗಿಫ್ಟ್ ಲೆಟರ್ ಅಂತ ಒಂದು ಹಾಳೆ ಇರುತ್ತದೆ. ಡೌನ್ ಪೇಮೆಂಟಿಗೆ ಅಪ್ಪ ಅಮ್ಮನೋ ಅಜ್ಜಿಯೋ ದುಡ್ಡು ಕೊಟ್ಟಿದ್ದರೆ ಅವರು ಅದಕ್ಕೆ ಸಹಿ ಹಾಕಬೇಕು. ಯಾರು ಕೊಟ್ಟರು, ಎಷ್ಟು ಕೊಟ್ಟರು, ಸಾಲ ತೆಗೆದುಕೊಳ್ಳುವವರಿಗೆ ಅವರು ಏನಾಗಬೇಕು. ಕೊನೆಗೆ ಒಂದು ಸಾಲು: ಈ ಹಣವನ್ನು ವಾಪಸ್ ಕೊಡಬೇಕಾಗಿಲ್ಲ. ಅರ್ಧ ಪುಟ, ಅಷ್ಟೇ.

ನಾನು ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತಮುತ್ತ ಹದಿನಾರು ವರ್ಷದಿಂದ ಲೋನ್ ಆಫೀಸರ್ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಆಸ್ತಿಯಲ್ಲಿ ಯಾಕೆ ಇಷ್ಟೊಂದು ಅಂತರ ಅಂತ ಊರಿನಿಂದ ಬಂದವರು ಕೇಳುತ್ತಾರೆ. ಆಗ ನನ್ನ ಕಣ್ಣಮುಂದೆ ಬರುವುದು ಈ ಅರ್ಧ ಪುಟ.

ಒಂದೇ ವಾರ ನನ್ನ ಮೇಜಿಗೆ ಬಂದ ಎರಡು ಫೈಲುಗಳ ಬಗ್ಗೆ ಹೇಳುತ್ತೇನೆ. ಗುರುತು ಸಿಗಬಾರದು ಅಂತ ವಿವರ ಬದಲಿಸಿದ್ದೇನೆ. ಎರಡೂ ಮನೆಗಳ ಬೆಲೆ 2,40,000 ಡಾಲರ್. ಒಂದು ಫೈಲು ಮೂವತ್ತರ ಆಸುಪಾಸಿನ ಬಿಳಿಯ ದಂಪತಿಯದು. ಇನ್ನೊಂದು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಕಪ್ಪು ಹೆಣ್ಣುಮಗಳೊಬ್ಬಳದು. ವಯಸ್ಸು ನಲವತ್ತರ ಹತ್ತಿರ, 11 ವರ್ಷದ ಮಗಳಿದ್ದಾಳೆ. ಎರಡೂ ಕುಟುಂಬಗಳ ಆದಾಯ ಹೆಚ್ಚುಕಡಿಮೆ ಒಂದೇ. ಇಬ್ಬರೂ ಒಂದು ಕಂತನ್ನೂ ತಪ್ಪಿಸಿದವರಲ್ಲ.

ದಂಪತಿಯ ಫೈಲಿನಲ್ಲಿ ಗಿಫ್ಟ್ ಲೆಟರ್ ಇತ್ತು. ಅವರು 20 ಪರ್ಸೆಂಟ್, ಅಂದರೆ 48,000 ಡಾಲರ್ ಕಟ್ಟಿದರು. ಅಷ್ಟು ಕಟ್ಟಿದವರಿಗೆ ಸಾಲದ ಇನ್ಶೂರೆನ್ಸ್, ಅಂದರೆ ಸಾಲ ಮುಳುಗಿದರೆ ಬ್ಯಾಂಕಿಗೆ ನಷ್ಟ ತುಂಬುವ ವಿಮೆ, ಬೇಕಾಗುವುದಿಲ್ಲ. ಆಕೆ ಕೂಡಿಟ್ಟ ದುಡ್ಡಿನಲ್ಲಿ ಕಟ್ಟಲು ಆದದ್ದು ಮೂರೂವರೆ ಪರ್ಸೆಂಟ್, 8,400 ಡಾಲರ್. ಹಾಗಾಗಿ ಸರ್ಕಾರ ಖಾತ್ರಿ ಕೊಡುವ ಎಫ್‌ಎಚ್‌ಎ ಸಾಲ. ಅದಕ್ಕೆ ಮೊದಲೇ 1.75 ಪರ್ಸೆಂಟ್ ಶುಲ್ಕ, ಸುಮಾರು 4,050 ಡಾಲರ್. ಅದೂ ಸಾಲಕ್ಕೇ ಸೇರಿತು. ಆಮೇಲೆ ಇನ್ಶೂರೆನ್ಸ್ ಅಂತ ಶುರುವಿನಲ್ಲಿ ತಿಂಗಳಿಗೆ ಸುಮಾರು 106 ಡಾಲರ್. ಹತ್ತು ಪರ್ಸೆಂಟಿಗಿಂತ ಕಡಿಮೆ ಕಟ್ಟಿದವರಿಗೆ ಆ ಸಾಲ ಇರುವಷ್ಟು ದಿನವೂ ಇನ್ಶೂರೆನ್ಸ್ ತಪ್ಪುವುದಿಲ್ಲ.

ಆಕೆಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪ್ರತಿ ತಿಂಗಳೂ 400 ಡಾಲರ್ ಹೊರಗೆ ಹೋಗುತ್ತಿತ್ತು. ಏನದು ಅಂತ ಕೇಳಬೇಕಾದ್ದು ನನ್ನ ಕೆಲಸ. ತಾಯಿಯ ಮನೆಬಾಡಿಗೆಗೆ ಅಂದಳು. ಒಂದು ಫೈಲಿನಲ್ಲಿ ದುಡ್ಡು ಹಿರಿಯರಿಂದ ಕಿರಿಯರಿಗೆ ಇಳಿದು ಬರುತ್ತಿದೆ. ಇನ್ನೊಂದರಲ್ಲಿ ಕಿರಿಯರಿಂದ ಹಿರಿಯರಿಗೆ ಹೋಗುತ್ತಿದೆ. ಸಂಬಳದ ಚೀಟಿ ಮಾತ್ರ ನೋಡಿದರೆ ಇದು ಕಾಣುವುದೇ ಇಲ್ಲ.

ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ಕುಟುಂಬಗಳ ಆಸ್ತಿಯ ಸಮೀಕ್ಷೆ ಮಾಡುತ್ತದೆ. ಎಲ್ಲ ಬಿಳಿಯ ಕುಟುಂಬಗಳನ್ನೂ ಆಸ್ತಿಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿ, ಸರಿಯಾಗಿ ನಡುವೆ ನಿಂತ ಕುಟುಂಬವನ್ನು ನೋಡಿ. 2022ರಲ್ಲಿ ಅದರ ಹತ್ತಿರ ಸಾಲ ಕಳೆದು ಉಳಿದ ಆಸ್ತಿ 2,85,000 ಡಾಲರ್. ಕಪ್ಪು ಕುಟುಂಬಗಳ ಸಾಲಿನಲ್ಲಿ ನಡುವೆ ನಿಂತವರದು 44,900. ಆರು ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಸಂಬಳದಲ್ಲೂ ಅಂತರ ಇದೆ, ಆದರೆ ಇಷ್ಟು ದೊಡ್ಡದಲ್ಲ. ಬಿಳಿಯ ಕುಟುಂಬಗಳಲ್ಲಿ ನೂರಕ್ಕೆ ಸುಮಾರು 74 ಸ್ವಂತ ಮನೆಯಲ್ಲಿವೆ. ಕಪ್ಪು ಕುಟುಂಬಗಳಲ್ಲಿ ಸುಮಾರು 45.

"ಅವರೂ ದುಡಿದು ಉಳಿಸಬಹುದಿತ್ತಲ್ವಾ?" ಅಂತ ನಮ್ಮವರ ಊಟದ ಮನೆಗಳಲ್ಲಿ ಕೇಳಿದ್ದೇನೆ. ಕೇಳುವವರು ಕೆಟ್ಟವರಲ್ಲ. ಇಲ್ಲಿ ಮನೆ ಕೊಳ್ಳುವುದನ್ನೇ ತಡೆದು ನಿಲ್ಲಿಸಿದ್ದರು ಅನ್ನುವುದು ಅವರಿಗೆ ಗೊತ್ತಿಲ್ಲ, ಅಷ್ಟೇ.

1934ಕ್ಕೆ ಮೊದಲು ಅಮೆರಿಕದಲ್ಲಿ ಮನೆ ಸಾಲ ಅಂದರೆ ಸಾಮಾನ್ಯವಾಗಿ ಅರ್ಧ ಬೆಲೆ ಕೈಯಲ್ಲಿರಬೇಕು, ಉಳಿದದ್ದನ್ನು ಕೆಲವೇ ವರ್ಷಗಳಲ್ಲಿ ತೀರಿಸಬೇಕು. ಕೂಲಿ ಮಾಡುವವನಿಗೆ ಅದು ಕನಸು. ಆ ವರ್ಷ ಎಫ್‌ಎಚ್‌ಎ (ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್) ಅನ್ನುವ ಸರ್ಕಾರಿ ಸಂಸ್ಥೆ ಹುಟ್ಟಿತು. ಸಾಲ ಮುಳುಗಿದರೆ ನಾವಿದ್ದೇವೆ ಅಂತ ಸರ್ಕಾರ ಬ್ಯಾಂಕುಗಳಿಗೆ ಧೈರ್ಯ ಕೊಟ್ಟಿತು. ಡೌನ್ ಪೇಮೆಂಟ್ ಇಳಿಯಿತು, ಅವಧಿ 20, 30 ವರ್ಷಕ್ಕೆ ಹೋಯಿತು. ಅಮೆರಿಕದ ಮಧ್ಯಮ ವರ್ಗ ಹುಟ್ಟಿದ್ದೇ ಈ ಸಾಲದಲ್ಲಿ ಅಂದರೂ ತಪ್ಪಿಲ್ಲ.

ಆದರೆ ಅದೇ ಎಫ್‌ಎಚ್‌ಎ ಸಾಲ ಮಂಜೂರು ಮಾಡುವವರಿಗೆ ಒಂದು ಕೈಪಿಡಿ ಕೊಟ್ಟಿತ್ತು. ಬೇರೆ ಬೇರೆ ಜನಾಂಗದವರು ಬೆರೆತರೆ ಮನೆಗಳ ಬೆಲೆ ಬೀಳುತ್ತದೆ, ಹಾಗಾಗಿ ಬೆರೆಯದಂತೆ ಕ್ರಯಪತ್ರದಲ್ಲೇ ಷರತ್ತು ಹಾಕಿಸುವುದು ಒಳ್ಳೆಯದು ಅನ್ನುವುದು ಆ ಕೈಪಿಡಿಯ ಮಾತು. 1933ರಲ್ಲಿ ಶುರುವಾದ ಇನ್ನೊಂದು ಸರ್ಕಾರಿ ಸಂಸ್ಥೆ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿತು. ಒಳ್ಳೆಯ ಬಡಾವಣೆಗೆ ಹಸಿರು, ಅಪಾಯದ್ದಕ್ಕೆ ಕೆಂಪು. ಕಪ್ಪು ಜನರಿದ್ದ ಕೇರಿಗಳೆಲ್ಲ ಹೆಚ್ಚುಕಡಿಮೆ ಕೆಂಪಾದವು. ಈಗ ಎಲ್ಲರೂ ಆ ಕೆಂಪು ನಕ್ಷೆಯ ಬಗ್ಗೆ ಮಾತಾಡುತ್ತಾರೆ. ಸಾಲದ ಕೆಲಸ ಮಾಡುವ ನನ್ನನ್ನು ಕೇಳಿದರೆ, ಜಾಸ್ತಿ ಏಟು ಕೊಟ್ಟದ್ದು ಕೈಪಿಡಿ. ನಕ್ಷೆ ಬೀರುವಿನಲ್ಲಿತ್ತು. ಕೈಪಿಡಿ ದಿನಾ ಮೇಜಿನ ಮೇಲಿತ್ತು.

ಅದು ಏನು ಮಾಡಿತು ಅನ್ನುವುದನ್ನು ಡೆಟ್ರಾಯಿಟಿನಲ್ಲಿ ಕೈಯಲ್ಲಿ ಮುಟ್ಟಿ ನೋಡಬಹುದು. ಊರಿನ ಉತ್ತರದ ಗಡಿಯಾದ ಎಯ್ಟ್ ಮೈಲ್ ರೋಡಿನ ದಕ್ಷಿಣಕ್ಕೆ ಬರ್ವುಡ್ ಅನ್ನುವ ಬೀದಿ ಇದೆ. 1941ರಲ್ಲಿ ಒಬ್ಬ ಬಿಲ್ಡರ್ ಅಲ್ಲಿ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಕೇರಿ ಇದೆ ಅಂತ ಎಫ್‌ಎಚ್‌ಎ ಖಾತ್ರಿ ಕೊಡಲಿಲ್ಲ. ಆತ ನಡುವೆ ಕಾಂಕ್ರೀಟ್ ಗೋಡೆ ಎಬ್ಬಿಸಿದ. ಆರು ಅಡಿ ಎತ್ತರ, ಅರ್ಧ ಮೈಲಿ ಉದ್ದ. ಗೋಡೆ ಎದ್ದ ಮೇಲೆ ಖಾತ್ರಿ ಸಿಕ್ಕಿತು.

ಆ ಗೋಡೆ ಇನ್ನೂ ಇದೆ. ನನ್ನ ಮಗನನ್ನು ಒಂದು ಭಾನುವಾರ ಕರೆದುಕೊಂಡು ಹೋಗಿದ್ದೆ. ಆಟದ ಮೈದಾನದ ಪಕ್ಕದ ಭಾಗಕ್ಕೆ ಊರಿನವರು ಚಿತ್ರ ಬರೆದಿದ್ದಾರೆ, ಬಣ್ಣ ಬಣ್ಣದ ಮನೆಗಳು, ಜನರು. ಉಳಿದ ಕಡೆ ಮನೆಗಳ ಹಿತ್ತಿಲಲ್ಲಿ ಬರೀ ಬೂದು ಗೋಡೆ, ಅದಕ್ಕೆ ಹಬ್ಬಿದ ಬಳ್ಳಿ. ಈಗ ಎರಡೂ ಬದಿಯಲ್ಲಿ ಹೆಚ್ಚಾಗಿ ಕಪ್ಪು ಜನರೇ ಇದ್ದಾರೆ. ಮಗ ಎಗರಿ ಆಚೆ ನೋಡಿದ. "ಅಮ್ಮ, ಆ ಕಡೆನೂ ಇಂಥದ್ದೇ ಮನೆ" ಅಂದ. ಹೌದು, ಮನೆಗಳು ಅಂಥವೇ. ಒಂದು ಕಡೆ ಸಾಲ ಸಿಕ್ಕಿತು, ಒಂದು ಕಡೆ ಸಿಗಲಿಲ್ಲ.

ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ 1944ರ ಕಾನೂನು ಓದಿಗೂ ಮನೆಗೂ ನೆರವು ಕೊಟ್ಟಿತು. ಕಾಗದದ ಮೇಲೆ ಎಲ್ಲ ಸೈನಿಕರಿಗೂ. ಸಾಲ ಕೊಡುವುದು ಮಾತ್ರ ಊರಿನ ಬ್ಯಾಂಕಿನ ಕೈಯಲ್ಲಿ. 1947ರಲ್ಲಿ ಮಿಸಿಸಿಪ್ಪಿಯಲ್ಲಿ ಲೆಕ್ಕ ಹಾಕಿದಾಗ ಮನೆ, ವ್ಯಾಪಾರ, ಹೊಲ ಅಂತ ಕೊಟ್ಟಿದ್ದ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಎರಡು ನೂರಲ್ಲ, ಎರಡೇ.

ಆ ನರ್ಸ್‌ನ ಅಜ್ಜ ಕೂಡ ಯುದ್ಧಕ್ಕೆ ಹೋಗಿ ಬಂದವರು. ಡೆಟ್ರಾಯಿಟಿನ ಕಾರು ಕಾರ್ಖಾನೆಯಲ್ಲಿ ದುಡಿದರು, ಬ್ಲಾಕ್ ಬಾಟಮ್ ಅನ್ನುವ ಕೇರಿಯಲ್ಲಿ ಬಾಡಿಗೆಗಿದ್ದರು. ಆ ಕೇರಿಯನ್ನು ಆಮೇಲೆ ನಗರವೇ ಒಡೆಯಿತು. ಅಂಗಡಿ, ಹೋಟೆಲು, ಸಂಗೀತದ ಕ್ಲಬ್ಬುಗಳಿದ್ದ ಹೇಸ್ಟಿಂಗ್ಸ್ ಬೀದಿಯ ಮೇಲೆ ಹೆದ್ದಾರಿ ಹಾದುಹೋಯಿತು. ಬಾಡಿಗೆಯವರಿಗೆ ಪರಿಹಾರ ಅಂತ ಕೈಗೆ ಬರುವಂಥದ್ದು ಏನಿರುತ್ತದೆ? ನಲವತ್ತು ವರ್ಷ ಬಾಡಿಗೆ ಕಟ್ಟಿದ ಅಜ್ಜ ಮೊಮ್ಮಗಳಿಗೆ ಯಾವ ಲೆಟರಿಗೆ ಸಹಿ ಹಾಕಬೇಕಿತ್ತು?

ಮೂರು ವರ್ಷದ ಹಿಂದೆ ನಮ್ಮ ಕನ್ನಡದ ದಂಪತಿಯೊಬ್ಬರು ಹಳೆಯ ಬಡಾವಣೆಯಲ್ಲಿ ಮನೆ ಕೊಂಡರು. ಟೈಟಲ್ ಪೇಪರುಗಳ ಜೊತೆ ಆ ಬಡಾವಣೆಯ ಹಳೆಯ ಷರತ್ತುಗಳ ನಕಲು ಬಂತು. ಬೇಲಿ ಎಷ್ಟು ಎತ್ತರ, ಕೋಳಿ ಸಾಕಬಾರದು ಅನ್ನುವುದರ ನಡುವೆ ಇನ್ನೊಂದು: ಕಕೇಶಿಯನ್, ಅಂದರೆ ಬಿಳಿಯ ಜನಾಂಗದವರನ್ನು ಬಿಟ್ಟು ಯಾರೂ ಇಲ್ಲಿ ವಾಸ ಮಾಡುವ ಹಾಗಿಲ್ಲ, ಮನೆಕೆಲಸದವರಾಗಿ ಇರುವವರನ್ನು ಹೊರತು. ಈಗ ಇದಕ್ಕೆ ಬೆಲೆಯಿಲ್ಲ ಅಂತ ಮೇಲೆ ಒಂದು ಮುದ್ರೆ ಒತ್ತಿತ್ತು. ಆ ಹುಡುಗಿ ಎರಡು ಸಲ ಓದಿದಳು. "ಅಂದ್ರೆ ಆಗ ನಮಗೂ ಕೊಡ್ತಿರ್ಲಿಲ್ಲ ಅಲ್ವಾ ಅಕ್ಕ?" ಅಂದಳು.

ಕೊಡುತ್ತಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂದ್ ಅನ್ನುವ, ಅಮೆರಿಕದ ಸೈನ್ಯದಲ್ಲೇ ಇದ್ದ ಪಂಜಾಬಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತ್ತು. ಕ್ರಯಪತ್ರದ ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವ ಹಾಗಿಲ್ಲ ಅಂತ ಅದೇ ಕೋರ್ಟ್ 1948ರಲ್ಲಿ ಹೇಳಿತು. ಆ ತೀರ್ಪಿನ ಎರಡು ಕೇಸುಗಳಲ್ಲಿ ಒಂದು ಸೇಂಟ್ ಲೂಯಿಸಿನ ಶೆಲ್ಲಿ ಕುಟುಂಬದ್ದು. ಇನ್ನೊಂದು ಡೆಟ್ರಾಯಿಟಿನ ಮೆಕ್‌ಗೀ ಕುಟುಂಬದ್ದು. ಮೆಕ್‌ಗೀ ಪರ ವಾದಿಸಿದವರಲ್ಲಿ ನಾಗರಿಕ ಹಕ್ಕುಗಳ ವಕೀಲ ತರ್ಗುಡ್ ಮಾರ್ಷಲ್ ಕೂಡ ಇದ್ದರು. ಮನೆ ಮಾರಾಟದಲ್ಲಿ, ಸಾಲದಲ್ಲಿ ಭೇದ ಮಾಡುವುದನ್ನೇ ನಿಷೇಧಿಸುವ ಕಾನೂನು ಬರಲು ಇನ್ನೂ 20 ವರ್ಷ ಬೇಕಾಯಿತು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದರು. ಒಂದು ವಾರಕ್ಕೆ, 11ನೇ ತಾರೀಖು ಆ ಕಾನೂನಿಗೆ ಸಹಿ ಬಿತ್ತು.

ನಮ್ಮಂಥವರು ಇಲ್ಲಿಗೆ ಬರುವಂತಾದದ್ದು 1965ರ ವಲಸೆ ಕಾನೂನಿನಿಂದ. 1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದಿದ್ದರೂ ವಲಸೆಗೆ ಜಾಗ ವರ್ಷಕ್ಕೆ ಬರೀ 100. ದೇಶ ನೋಡಿ ಜನರನ್ನು ಬಿಡುವ ಆ ಪದ್ಧತಿ ಹೋದದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ದೇಶವನ್ನೇ ಅಲ್ಲಾಡಿಸಿದ ಆ ವರ್ಷಗಳಲ್ಲಿ. ಅವರು ಪೊಲೀಸರ ಲಾಠಿ, ನಾಯಿಗಳ ಎದುರು ನಿಂತು ತೆರೆಸಿದ ಬಾಗಿಲಲ್ಲಿ ನಾವು ಡಿಗ್ರಿ ಹಿಡಿದುಕೊಂಡು ಒಳಗೆ ಬಂದೆವು. ನಮ್ಮ ಫೈಲುಗಳಲ್ಲಿ ಗಿಫ್ಟ್ ಲೆಟರ್ ಇರುತ್ತದೆ, ನಾನೇ ಎಷ್ಟೋ ನೋಡಿದ್ದೇನೆ. ಮೈಸೂರಿನ ಮಾವ ಪಿಎಫ್ ತೆಗೆದು ಕೊಟ್ಟದ್ದು, ಬೆಂಗಳೂರಿನ ಅಪ್ಪ ಸೈಟು ಮಾರಿ ಕಳಿಸಿದ್ದು. ಆ ಸೈಟನ್ನು ಅಪ್ಪನಿಗೆ ಕೊಳ್ಳಲು ಬಿಟ್ಟಿದ್ದರು ಅನ್ನುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನು ಶಾಲೆ. ಮನೆ ಹುಡುಕಲು ಬರುವ ನಮ್ಮವರು ಬೆಲೆಗಿಂತ ಮೊದಲು ಕೇಳುವುದು ಸ್ಕೂಲ್ ರೇಟಿಂಗ್. ಇಲ್ಲಿ ಯಾವ ವಿಳಾಸವೋ ಆ ಶಾಲೆ. ಡೆಟ್ರಾಯಿಟಿನ ಶಾಲೆಗಳು ಬಿಳಿ, ಕಪ್ಪು ಅಂತ ಒಡೆದದ್ದನ್ನು ಸರಿಪಡಿಸಲು ಸುತ್ತಲಿನ ಊರುಗಳ ಶಾಲೆಗಳನ್ನೂ ಸೇರಿಸಿಕೊಳ್ಳಬೇಕು ಅಂತ ಕೆಳಗಿನ ಕೋರ್ಟ್ ಹೇಳಿತ್ತು. 1974ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಅದನ್ನು ತಳ್ಳಿಹಾಕಿತು. ಹೊರ ಊರುಗಳು ತಪ್ಪು ಮಾಡಿದ್ದಕ್ಕೆ ಸಾಕ್ಷಿ ಇಲ್ಲ ಅನ್ನುವುದು ಕಾರಣ. ಆ ಹೊತ್ತಿಗೆ ಮಾರ್ಷಲ್ ಅದೇ ಕೋರ್ಟಿನ ನ್ಯಾಯಮೂರ್ತಿ. ಒಂದೊಂದು ಮಹಾನಗರವನ್ನೂ ಬಿಳಿಯರದೊಂದು, ಕಪ್ಪು ಜನರದೊಂದು ಅಂತ ಎರಡು ಊರಾಗಲು ಬಿಡುವುದು ಸುಲಭ ಅನ್ನಿಸಬಹುದು, ಆದರೆ ನಮ್ಮ ಜನ ಕೊನೆಗೆ ಇದಕ್ಕಾಗಿ ಮರುಗುತ್ತಾರೆ ಅಂತ ಅವರು ಭಿನ್ನಮತದಲ್ಲಿ ಬರೆದರು. ಬಿಳಿಯರಿಗೆ ಇನ್ನು ಊರು ಬಿಟ್ಟು ಎಯ್ಟ್ ಮೈಲ್ ದಾಟಿದರೆ ಸಾಕಿತ್ತು. ದಾಟಿದರು. ತೆರಿಗೆಯೂ ಅವರ ಹಿಂದೆ ಹೋಯಿತು. ಮಿಷಿಗನ್ನಿನಲ್ಲಿ 1994ರ ನಂತರ ಶಾಲೆಯ ದಿನದ ಖರ್ಚು ಹೆಚ್ಚಾಗಿ ರಾಜ್ಯದಿಂದ ಬರುತ್ತದೆ ನಿಜ. ಕಟ್ಟಡಕ್ಕೆ ಮಾತ್ರ ಈಗಲೂ ಆಯಾ ಊರಿನ ಆಸ್ತಿ ತೆರಿಗೆಯೇ ದಾರಿ.

ಇದರ ರಾಜಕೀಯ ಬರೀ ವಾಷಿಂಗ್ಟನ್ನಿನಲ್ಲಿ ನಡೆಯುವುದಲ್ಲ. ಟೌನ್‌ಶಿಪ್, ಅಂದರೆ ಇಲ್ಲಿನ ಊರಾಡಳಿತದ ಸಭೆಯಲ್ಲಿ ನಡೆಯುತ್ತದೆ. ಒಂದು ಸೈಟಿನಲ್ಲಿ ಒಂದೇ ಮನೆ, ಸೈಟು ಇಷ್ಟು ದೊಡ್ಡದಿರಬೇಕು ಅಂತ ನಿಯಮ ಮಾಡಿದರೆ ಸಾಕು, ಯಾರ ಬಣ್ಣವನ್ನೂ ಕೇಳಬೇಕಾಗಿಲ್ಲ. ನಮ್ಮ ಟೌನ್‌ಶಿಪ್ಪಿನಲ್ಲಿ ಕಡಿಮೆ ಬಾಡಿಗೆಯ ಅಪಾರ್ಟ್‌ಮೆಂಟ್ ಬರುತ್ತದೆ ಅಂದಾಗ ಬೇಡ ಅಂತ ಮೈಕಿನ ಮುಂದೆ ಸಾಲು ನಿಂತವರಲ್ಲಿ ನಮ್ಮವರೂ ಇದ್ದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎಲ್ಲ ಹಳೆಯ ಕಥೆ ಅನ್ನುವವರಿಗೆ ಹತ್ತಿರದ್ದೊಂದು ಹೇಳುತ್ತೇನೆ. ತೆರಿಗೆಗಾಗಿ ಹಾಕುವ ಬೆಲೆ ಮಾರುಕಟ್ಟೆ ಬೆಲೆಯ ಅರ್ಧ ಮೀರಬಾರದು ಅಂತ ಮಿಷಿಗನ್ ರಾಜ್ಯದ ಸಂವಿಧಾನದಲ್ಲೇ ಇದೆ. 2008ರ ಕುಸಿತದ ನಂತರ ಡೆಟ್ರಾಯಿಟಿನಲ್ಲಿ ಮನೆಗಳ ಬೆಲೆ ನೆಲಕ್ಕೆ ಬಿತ್ತು, ತೆರಿಗೆಯ ಬೆಲೆ ಅದಕ್ಕೆ ತಕ್ಕ ಹಾಗೆ ಇಳಿಯಲಿಲ್ಲ. 2010ರಿಂದ 2016ರವರೆಗೆ ಮನೆಯವರಿಂದ ಕನಿಷ್ಠ 60 ಕೋಟಿ ಡಾಲರ್ ಹೆಚ್ಚು ತೆರಿಗೆ ಕೇಳಲಾಗಿತ್ತು ಅಂತ ಇಲ್ಲಿನ ಪತ್ರಿಕೆಯ ತನಿಖೆಯಲ್ಲಿ ಹೊರಬಂತು. ಕಟ್ಟಲಾಗದ ಸಾವಿರಾರು ಮಂದಿಯ ಮನೆ ಹರಾಜಾಯಿತು. ಸಾಲವೆಲ್ಲ ತೀರಿಸಿ, ತಮ್ಮದೇ ಆಗಿದ್ದ ಮನೆಯನ್ನು ತೆರಿಗೆಗೆ ಕಳೆದುಕೊಂಡ ಮುದುಕಿಯೊಬ್ಬರು ನನ್ನ ಎದುರು ಕೂತಿದ್ದರು. ಹೊಸ ಸಾಲ ಸಿಗುತ್ತದಾ ಅಂತ ಕೇಳಲು ಬಂದಿದ್ದರು. ಆಗ ಅವರಿಗೆ 71.

ನರ್ಸ್‌ನ ಕ್ಲೋಸಿಂಗ್ ದಿನ, ಅಂದರೆ ಮನೆ ಖರೀದಿಯ ಕೊನೆಯ ಸಹಿಗಳ ದಿನ, ಮಗಳೂ ಬಂದಿದ್ದಳು. ಸಹಿಗಳ ನಡುವೆ ಆಕೆ ಕೇಳಿದ್ದು ಒಂದೇ ಪ್ರಶ್ನೆ. ಇವಳು ಮನೆ ಕೊಳ್ಳುವ ಹೊತ್ತಿಗೆ ನಾನು ಗಿಫ್ಟ್ ಲೆಟರಿಗೆ ಸಹಿ ಹಾಕಬಹುದಾ? ಆರೂವರೆ ಪರ್ಸೆಂಟ್ ಬಡ್ಡಿಗೆ ನಾನು ಲೆಕ್ಕ ಹಾಕಿದೆ. ಹತ್ತು ವರ್ಷದಲ್ಲಿ ಕಂತು ಅಂತ ಕಟ್ಟುವುದು ಸುಮಾರು 1,78,700 ಡಾಲರ್. ಅದರಲ್ಲಿ ಅಸಲಿಗೆ ಹೋಗುವುದು 35,900. ಮನೆಯ ಬೆಲೆ ಏರದೆ ಇದ್ದರೆ ಹತ್ತು ವರ್ಷದ ಕೊನೆಗೆ ಆ ಮನೆಯಲ್ಲಿ ಆಕೆಯ ಪಾಲು ಸುಮಾರು 40,200. ಇನ್ನೊಂದು ಫೈಲಿನ ದಂಪತಿಯ ಪಾಲು ಮೊದಲ ದಿನವೇ 48,000 ಇತ್ತು. ಅದನ್ನು ನಾನು ಆಕೆಗೆ ಹೇಳಲಿಲ್ಲ.

ಆಕೆ 40,200 ಅಂತ ಕ್ಲೋಸಿಂಗ್ ಲಕೋಟೆಯ ಹಿಂದೆ ಬರೆದುಕೊಂಡಳು. ಪಕ್ಕದಲ್ಲಿ ಮಗಳ ಹೆಸರು, ಅದರ ಮುಂದೆ 21.