ಮ್ಯಾಕ್ಯುಲಾ ಕಾಯಿಲೆ: ಯಾವ ಪದರದಲ್ಲಿ ತೊಂದರೆ ಅಂತ ಮೊದಲು ಕೇಳಿ

ವಯಸ್ಸಿನ ಜೊತೆ ಬರುವ ಮ್ಯಾಕ್ಯುಲರ್ ಡಿಜೆನರೇಶನ್ ಎಂಬ ಕಣ್ಣಿನ ಕಾಯಿಲೆ ಹೆಚ್ಚಾಗಿ 50 ದಾಟಿದವರಲ್ಲಿ ಕಾಣುತ್ತದೆ. ಒಣ ವಿಧ, ಒದ್ದೆ ವಿಧ ಅಂತ ಸುಮ್ನೆ ಬಾಯಿಪಾಠ ಮಾಡಿದರೆ ನಾಲ್ಕು ದಿನಕ್ಕೆ ಮರೆಯುತ್ತದೆ. ತೊಂದರೆ ಯಾವ ಪದರದಲ್ಲಿ ಶುರುವಾಯಿತು ಅಂತ ಕೇಳಿಕೊಳ್ಳಿ. ನನಗೆ ಈ ಪಾಠ ತಲೆಗೆ ಹತ್ತಿದ್ದು ಹಾಗೆಯೇ.

ಮ್ಯಾಕ್ಯುಲಾ ಅಂದರೆ ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪರದೆಯಾದ ರೆಟಿನಾದ ನಡುವೆ ಇರುವ, ಸುಮಾರು 5.5 ಮಿಲಿಮೀಟರ್ ಅಗಲದ ಜಾಗ. ಅದರ ನಟ್ಟನಡುವಿನ ತಗ್ಗು ಫೋವಿಯಾ. ಅಲ್ಲಿ ಬೆಳಕು ಹಿಡಿಯುವ ಕೋನ್ ಕೋಶಗಳು ಒತ್ತೊತ್ತಾಗಿ ಕೂತಿವೆ. ಓದಲು, ಸೂಜಿಗೆ ದಾರ ಪೋಣಿಸಲು, ಮುಖ ಗುರುತಿಸಲು ಇದೇ ಬೇಕು. ಅಂಚಿನ ನೋಟ ರೆಟಿನಾದ ಉಳಿದ ಭಾಗದ ಕೆಲಸ. ಹಾಗಾಗಿ ಈ ಕಾಯಿಲೆಯಲ್ಲಿ ಪೂರ್ತಿ ಕತ್ತಲೆ ಆಗುವುದಿಲ್ಲ. ಎದುರಿಗಿರುವವರ ಮುಖ ಮಸುಕಾದರೂ ಪಕ್ಕದ ಬಾಗಿಲು ಕಾಣುತ್ತದೆ.

ಈಗ ಕೆಳಗಿನ ಪದರಗಳಿಗೆ ಬರೋಣ. ಕೋನ್‌ಗಳ ಕೆಳಗೆ ಆರ್‌ಪಿಇ ಎಂಬ ಬಣ್ಣದ ಕೋಶಗಳ ಪದರ, ಅದರಡಿ ಬ್ರುಕ್ ಪೊರೆ, ಅದಕ್ಕೂ ಕೆಳಗೆ ರಕ್ತನಾಳಗಳು ತುಂಬಿದ ಕೋರಾಯ್ಡ್. ಬೆಳಕು ಹಿಡಿಯುವ ಕೋಶಗಳು ದಿನವೂ ತಮ್ಮ ತುದಿಯ ಚೂರು ಉದುರಿಸುತ್ತವೆ. ಆರ್‌ಪಿಇ ಅದನ್ನು ನುಂಗಿ ಅರಗಿಸುತ್ತದೆ, ಕೋರಾಯ್ಡ್‌ನಿಂದ ಪೋಷಣೆಯನ್ನೂ ಮೇಲಕ್ಕೆ ಸಾಗಿಸುತ್ತದೆ. ವಯಸ್ಸಾದಂತೆ ಈ ಕೆಲಸ ಕುಂಟುತ್ತದೆ. ಕೊಬ್ಬು, ಪ್ರೋಟೀನ್ ಸೇರಿದ ಕಸ ಆರ್‌ಪಿಇ ಅಡಿಯಲ್ಲಿ ಹಳದಿ ಚುಕ್ಕೆಗಳಾಗಿ ನಿಲ್ಲುತ್ತದೆ. ಇದೇ ಡ್ರೂಸೆನ್. ಅಂದರೆ ಮೊದಲು ಕೆಡುವುದು ನೋಡುವ ಕೋಶವಲ್ಲ, ಅದನ್ನು ಸಾಕುವ ಪದರ! ಸಣ್ಣ ಡ್ರೂಸೆನ್ ವಯಸ್ಸಾದವರಲ್ಲಿ ಮಾಮೂಲಿ. 125 ಮೈಕ್ರಾನ್ ಮೀರಿದರೆ ಕಾಯಿಲೆ ಮುಂದುವರಿಯುವ ಅಪಾಯ ಜಾಸ್ತಿ. ಬೀಡಿ ಸಿಗರೇಟು ಆ ಅಪಾಯವನ್ನು ಇನ್ನೂ ಏರಿಸುತ್ತದೆ.

ಒಣ ವಿಧದಲ್ಲಿ ಆರ್‌ಪಿಇ ನಿಧಾನವಾಗಿ ಸಾಯುತ್ತದೆ, ಅದನ್ನೇ ನಂಬಿದ ಕೋನ್‌ಗಳೂ ಹಿಂದೆಯೇ ಹೋಗುತ್ತವೆ. ಹೆಚ್ಚಿನವರಿಗೆ ಬರುವುದು ಇದೇ.

ಒದ್ದೆ ವಿಧ ಬೇಗ ಹಾನಿ ಮಾಡುತ್ತದೆ. ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಹೆಚ್ಚಾಗಿ, ಕೋರಾಯ್ಡ್‌ನಿಂದ ಹೊಸ ನಾಳಗಳು ಬ್ರುಕ್ ಪೊರೆಯನ್ನು ಸೀಳಿ ಮೇಲೇರುತ್ತವೆ. ಅವು ಗಟ್ಟಿ ನಾಳಗಳಲ್ಲ, ಸೋರುತ್ತವೆ. ಸೋರಿದ ನೀರು ರೆಟಿನಾವನ್ನು ಉಬ್ಬಿಸಿ ಕೋನ್‌ಗಳ ಜಾಗ ತಪ್ಪಿಸುತ್ತದೆ. ಮಿದುಳಿಗೆ ಇದು ಗೊತ್ತಿಲ್ಲ ಅಲ್ವಾ? ಹಳೆಯ ಲೆಕ್ಕದಲ್ಲೇ ಚಿತ್ರ ಜೋಡಿಸುತ್ತದೆ. ನೇರ ಗೆರೆ ಸೊಟ್ಟಗೆ ಕಾಣುವುದು ಅದಕ್ಕೇ. ಚಿಕಿತ್ಸೆಯೂ ಇಲ್ಲಿಂದಲೇ ಅರ್ಥವಾಗುತ್ತದೆ: ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್‌ನಂಥ ಔಷಧಿಯನ್ನು ಕಣ್ಣೊಳಗೆ ಚುಚ್ಚಿ ವಿಇಜಿಎಫ್ ತಡೆಯುತ್ತಾರೆ. ಸೋರಿಕೆ ತಗ್ಗುತ್ತದೆ ಇಲ್ಲವೇ ನಿಲ್ಲುತ್ತದೆ, ಆದರೆ ಸತ್ತ ಕೋನ್ ಮರಳುವುದಿಲ್ಲ.

ಆದ್ದರಿಂದ ಬೇಗ ಗೊತ್ತಾಗಬೇಕು. ಇಲ್ಲೊಂದು ತೊಡಕಿದೆ. ಒಂದು ಕಣ್ಣು ಕೆಟ್ಟರೆ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ, ತಿಂಗಳುಗಟ್ಟಲೆ ಗೊತ್ತೇ ಆಗದಿರಬಹುದು. ಆಮ್ಸ್ಲರ್ ಗ್ರಿಡ್ ಇರುವುದು ಇದಕ್ಕೆ. 10 ಸೆಂಟಿಮೀಟರ್ ಚೌಕ, ಒಳಗೆ 5 ಮಿಲಿಮೀಟರ್‌ನ ಮನೆಗಳು, ನಡುವೆ ಒಂದು ಚುಕ್ಕೆ. ಓದುವ ಕನ್ನಡಕ ಹಾಕಿ, ಸುಮಾರು 30 ಸೆಂಟಿಮೀಟರ್ ದೂರ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಬೇಕು. ಆಮೇಲೆ ಇನ್ನೊಂದು ಕಣ್ಣು. ಹೊಸದಾಗಿ ಗೆರೆ ಬಾಗಿದರೆ, ನಡುವೆ ಮನೆ ಮಾಯವಾದರೆ, ಮುಂದಿನ ತಪಾಸಣೆಗೆ ಕಾಯದೆ ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಬೇಕು.