ಧೂಮಕೇತುವಿನ ಚಿತ್ರ ಬರೆಯುವಾಗ ಉತ್ತರ ಯಾವ ಕಡೆ?

2023ರ ಫೆಬ್ರವರಿ 12 ಮತ್ತು 13ನೇ ತಾರೀಖು ಬರೆದ ಎರಡು ಚಿತ್ರ ನನ್ನ ಮುಂದಿವೆ. ಎರಡೂ ಒಂದೇ ಧೂಮಕೇತುವಿನವು, ಸಿ/2022 ಇ3. ಮೊದಲನೆಯದರಲ್ಲಿ ಬಾಲ ಹಾಳೆಯ ಎಡಕ್ಕಿದೆ. ಎರಡನೆಯದರಲ್ಲಿ ಹೆಚ್ಚುಕಡಿಮೆ ಕೆಳಕ್ಕಿದೆ. ಒಂದೇ ದಿನದಲ್ಲಿ ಬಾಲ ಅಷ್ಟು ತಿರುಗುವುದು ಸಾಧ್ಯವಿಲ್ಲ ಅಲ್ವಾ? ಎಲ್ಲಿ ಎಡವಿದೆ ಅಂತ ಗೊತ್ತಾಗೋಕೆ ಎರಡು ದಿನ ಬೇಕಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಈ ಧೂಮಕೇತು ಮೊದಲು ಕಂಡಿದ್ದು 2022ರ ಮಾರ್ಚ್ 2ರಂದು, ಕ್ಯಾಲಿಫೋರ್ನಿಯಾದ ಪಾಲೋಮರ್‌ನಲ್ಲಿರುವ ಜ್ವಿಕಿ ಆಕಾಶ ಸಮೀಕ್ಷೆಯ ಕ್ಯಾಮೆರಾಗೆ. 2023ರ ಫೆಬ್ರವರಿ 1ರಂದು ನಮ್ಮಿಂದ ಸುಮಾರು 4.2 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ಫೋಟೋಗಳಲ್ಲಿ ಹಸಿರಾಗಿ ಕಾಣುತ್ತದೆ. ಅದು ಎರಡು ಕಾರ್ಬನ್ ಪರಮಾಣು ಸೇರಿದ ಅಣುವಿನ ಬೆಳಕು. ಬಿಸಿಲಿಗೆ ಆ ಅಣು ಒಡೆದುಹೋಗುತ್ತದೆ, ಹಾಗಾಗಿ ಹಸಿರು ತಲೆಯಲ್ಲೇ ಉಳಿಯುತ್ತದೆ, ಬಾಲದವರೆಗೆ ಹೋಗುವುದಿಲ್ಲ. ನನ್ನ 6 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್‌ನಲ್ಲಿ ಕಂಡಿದ್ದು ಬರೀ ಬೂದು. ತಣ್ಣನೆಯ ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ. ಪಕ್ಕಕ್ಕೆ ಮಸುಕಾದ ಬೀಸಣಿಗೆಯಂಥ ಬಾಲ. ಕಂಡಷ್ಟನ್ನೇ ಬರೆಯಿರಿ, ಫೋಟೋದಲ್ಲಿ ನೋಡಿದ್ದನ್ನು ಸೇರಿಸಬೇಡಿ.

ಚಿತ್ರ ಬರೆಯುವ ಕ್ರಮ

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಇಟ್ಟು ಒಂದು ವೃತ್ತ ಎಳೆಯಿರಿ. ಚುಕ್ಕಿ ರಂಗೋಲಿಯ ಹಾಗೆ ಮೊದಲು ಚುಕ್ಕಿ, ಅಂದರೆ ನಕ್ಷತ್ರಗಳು. ಐದಾರು ಸಾಕು. ಅವು ಸರಿಯಾಗಿ ಕೂತರೆ ಧೂಮಕೇತು ತಾನಾಗಿ ತನ್ನ ಜಾಗಕ್ಕೆ ಬರುತ್ತದೆ. ತಲೆಯನ್ನು 2ಬಿ ಪೆನ್ಸಿಲ್‌ನಲ್ಲಿ ಹಗುರವಾಗಿ ಗೀಚಿ, ಕಿವಿಗೆ ಹಾಕುವ ಬಡ್ಸ್‌ನಿಂದ ಒಳಗಿಂದ ಹೊರಕ್ಕೆ ಸವರಿ. ಅಂಚಿನ ಗೆರೆ ಎಳೆಯಬೇಡಿ. ಧೂಮಕೇತುವಿಗೆ ಅಂಚೇ ಇಲ್ಲ. ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಬಾಲ ಜಾಸ್ತಿ ಉದ್ದ ಕಾಣುತ್ತದೆ.

ನನ್ನನ್ನು ಎಡವಿಸಿದ್ದು ದಿಕ್ಕು

ನಾನು ಓದಿದ ಪಾಠಗಳಲ್ಲೆಲ್ಲ ‘ದಕ್ಷಿಣಕ್ಕೆ ಮುಖ ಮಾಡಿ, ಮೇಲೆ ಉತ್ತರ, ಎಡಕ್ಕೆ ಪೂರ್ವ’ ಎಂದಿತ್ತು. ಲಂಡನ್‌ನಂಥ ಊರಿಗೆ ಅದು ಸರಿ. ಅಲ್ಲಿ ರೋಹಿಣಿ ನಕ್ಷತ್ರ ನಡುನೆತ್ತಿಯಿಂದ 35 ಡಿಗ್ರಿ ಕೆಳಗೆ ಹಾದುಹೋಗುತ್ತದೆ. ನಾನು ನೋಡುತ್ತಿರುವುದು ತುಮಕೂರು ಕಡೆಯ ನಮ್ಮೂರ ತಾರಸಿಯಿಂದ. ಇಲ್ಲಿ ರೋಹಿಣಿ ನೆತ್ತಿಯಿಂದ ಮೂರೂವರೆ ಡಿಗ್ರಿಯೊಳಗೇ ದಾಟುತ್ತದೆ. ಆ ವಾರ ಧೂಮಕೇತು ಇದ್ದದ್ದು ರೋಹಿಣಿಯ ಆಸುಪಾಸಿನಲ್ಲೇ. ನೆತ್ತಿಯ ಮೇಲಿರುವುದಕ್ಕೆ ‘ಮೇಲೆ’ ಯಾವುದು? ಯಾವ ಕಡೆ ನಿಂತರೆ ಆ ಕಡೆ ಮೇಲಾಗುತ್ತದೆ. 12ರಂದು ನನ್ನ ಸ್ಟೂಲು ನೀರಿನ ಟ್ಯಾಂಕಿನ ಕಡೆ ಇತ್ತು, 13ರಂದು ಮೆಟ್ಟಿಲ ಕಡೆ. ತಿರುಗಿದ್ದು ಬಾಲ ಅಲ್ಲ, ಸ್ಟೂಲು.

ಇನ್ನೊಂದು ಸಂಗತಿಯೂ ಇದೆ. ಡಾಬ್ಸೋನಿಯನ್ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಮಾತ್ರ ಆಡುತ್ತದೆ. ಹಾಗಾಗಿ ಆಕಾಶ ಸರಿದಂತೆ ಐಪೀಸಿನೊಳಗಿನ (ಕಣ್ಣಿಟ್ಟು ನೋಡುವ ಮಸೂರದೊಳಗಿನ) ಚಿತ್ರ ನಿಧಾನಕ್ಕೆ ಸುತ್ತುತ್ತದೆ. ರೋಹಿಣಿ ಎತ್ತರಕ್ಕೆ ಬಂದಾಗ ಲಂಡನ್‌ನಲ್ಲಿ ಈ ಸುತ್ತು ಗಂಟೆಗೆ ಸುಮಾರು 16 ಡಿಗ್ರಿ. ನಮ್ಮಲ್ಲಿ ಅದು ನೆತ್ತಿ ದಾಟುವ ಹೊತ್ತಿಗೆ, ಫೆಬ್ರವರಿ ಮಧ್ಯದಲ್ಲಿ ಸಂಜೆ ಏಳೂವರೆ ಸುಮಾರಿಗೆ, ನಿಮಿಷಕ್ಕೇ 4 ಡಿಗ್ರಿ! ಕಾಲು ಗಂಟೆ ಕೂತು ಬರೆದರೆ ಮೊದಲ ನಕ್ಷತ್ರ ಇಟ್ಟಾಗಿನ ‘ಮೇಲೆ’ ಬೇರೆ, ಬಾಲ ಸವರುವಾಗಿನ ‘ಮೇಲೆ’ ಬೇರೆ.

ಪರಿಹಾರ ಸುಲಭ. ಎಲ್ಲಿ ನಿಂತಿದ್ದೀರಿ, ಯಾವ ಕಡೆ ನೋಡುತ್ತಿದ್ದೀರಿ ಎಂಬುದನ್ನು ಪೂರ್ತಿ ಬಿಟ್ಟುಬಿಡಿ. ನಕ್ಷತ್ರವನ್ನೇ ಕೇಳಿ.

ಚುಕ್ಕಿಗಳನ್ನು ಇಟ್ಟ ತಕ್ಷಣ ಟೆಲಿಸ್ಕೋಪಿನಿಂದ ಕೈ ತೆಗೆಯಿರಿ. ಆಕಾಶ ಪೂರ್ವದಿಂದ ಪಶ್ಚಿಮಕ್ಕೆ ಸರಿಯುತ್ತದೆ. ಹಾಗಾಗಿ ನಕ್ಷತ್ರ ಯಾವ ಅಂಚಿನಿಂದ ಹೊರಗೆ ಹೋಗುತ್ತದೋ ಅದೇ ಪಶ್ಚಿಮ. ಚಿತ್ರ ತಲೆಕೆಳಗಾಗಿರಲಿ, ಸೊಟ್ಟಗಿರಲಿ, ಇದು ಬದಲಾಗುವುದಿಲ್ಲ. 25 ಮಿಲಿಮೀಟರ್ ಐಪೀಸಿನಲ್ಲಿ ನನಗೆ ಕಾಣುವುದು ಸುಮಾರು 1 ಡಿಗ್ರಿ ಅಗಲ. ನಕ್ಷತ್ರ ನಡುವಿನಿಂದ ಅಂಚಿಗೆ ಹೋಗಲು ಎರಡು ನಿಮಿಷ ಬೇಕು. ಕಾಯಿರಿ. ಅದು ಹೋದ ಜಾಗದಲ್ಲಿ ವೃತ್ತದ ಮೇಲೆ ‘ಪ’ ಎಂದು ಬರೆಯಿರಿ. ಸುತ್ತು ಎರಡು ನಿಮಿಷದಲ್ಲೂ ನಡೆಯುತ್ತದೆ ಅನ್ನಿಸಿದರೆ ನೆತ್ತಿಯಿಂದ ಸ್ವಲ್ಪ ಇಳಿಯುವವರೆಗೆ, ಎಂಟೂಕಾಲರವರೆಗೆ, ಕಾದು ಶುರುಮಾಡಿ. ನಾನೂ ಹಾಗೇ ಮಾಡಿದೆ. ಆಮೇಲೆ ಚಿತ್ರ ಸುತ್ತಿದರೂ ಚಿಂತೆಯಿಲ್ಲ. ಚುಕ್ಕಿಗಳು ಹೊಂದುವ ಹಾಗೆ ಹಾಳೆಯನ್ನು ತಿರುಗಿಸಿಕೊಳ್ಳಿ, ‘ಪ’ ಜೊತೆಗೇ ತಿರುಗುತ್ತದೆ.

ಉತ್ತರ ಎಲ್ಲಿ? ಪಶ್ಚಿಮದಿಂದ ಅಪ್ರದಕ್ಷಿಣೆಯಾಗಿ ಕಾಲು ಸುತ್ತು ಬಂದರೆ ಉತ್ತರ. ಇನ್ನೂ ಕಾಲು ಸುತ್ತಿಗೆ ಪೂರ್ವ, ಆಮೇಲೆ ದಕ್ಷಿಣ. ‘ಪ, ಉ, ಪೂ, ದ’ ಎಂದು ಬಾಯಿಪಾಠ ಮಾಡಿಕೊಂಡಿದ್ದೇನೆ. ಭೂಪಟದಲ್ಲಿ ಇದು ಪ್ರದಕ್ಷಿಣೆ ಅಲ್ವಾ ಅಂತ ಕೇಳಬಹುದು. ಹೌದು. ಭೂಪಟವನ್ನು ಮೇಲಿನಿಂದ ಕೆಳಗೆ ನೋಡುತ್ತೇವೆ, ಆಕಾಶವನ್ನು ಕೆಳಗಿನಿಂದ ಮೇಲಕ್ಕೆ. ಅದಕ್ಕೇ ಉಲ್ಟಾ. ಬರಿಗಣ್ಣು, ಬೈನಾಕ್ಯುಲರ್, ಎರಡು ಕನ್ನಡಿಯ ಡಾಬ್ಸೋನಿಯನ್, ಮೂರಕ್ಕೂ ಅಪ್ರದಕ್ಷಿಣೆಯೇ. ಲೆನ್ಸ್ ಟೆಲಿಸ್ಕೋಪಿಗೆ ಬಗ್ಗಿ ನೋಡಲು ಒಂದೇ ಕನ್ನಡಿ ಹಾಕಿದ್ದರೆ ಮಾತ್ರ ಪ್ರದಕ್ಷಿಣೆ. ಕನ್ನಡಿಗಳ ಸಂಖ್ಯೆ ಬೆಸ ಆದರೆ ದಿಕ್ಕು ಮಗುಚುತ್ತದೆ ಅಂತ ನೆನಪಿಟ್ಟರೆ ಸಾಕು.

ಬಾಲದ ಕೋನವನ್ನು ಉತ್ತರದಿಂದ ಪೂರ್ವದ ಕಡೆಗೆ ಎಣಿಸುತ್ತಾರೆ. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270. ಇದಕ್ಕೆ ನನ್ನ ಉಪಾಯ ವೃತ್ತವನ್ನೇ ಗಡಿಯಾರ ಮಾಡಿಕೊಳ್ಳುವುದು. ಒಂದು ಗಂಟೆ ಅಂದರೆ 30 ಡಿಗ್ರಿ. 14ರಂದು ನಕ್ಷತ್ರ ಹೊರಗೆ ಹೋಗಿದ್ದು 4 ಗಂಟೆಯ ಜಾಗದಲ್ಲಿ. ಅಲ್ಲಿಂದ ಮೂರು ಗಂಟೆ ಹಿಂದಕ್ಕೆ, 1 ಗಂಟೆಯಲ್ಲಿ ಉತ್ತರ. 10ರಲ್ಲಿ ಪೂರ್ವ, 7ರಲ್ಲಿ ದಕ್ಷಿಣ. ಬಾಲದ ನಡು ಇದ್ದದ್ದು ಹತ್ತೂವರೆಯಲ್ಲಿ. ಒಂದರಿಂದ ಹತ್ತೂವರೆಗೆ ಹಿಂದಕ್ಕೆ ಬಂದರೆ ಎರಡೂವರೆ ಗಂಟೆ. 75 ಡಿಗ್ರಿ. ಸೂರ್ಯ ಪಶ್ಚಿಮದಲ್ಲಿ ಮುಳುಗಿದ್ದಾನೆ, ಬಾಲ ಅವನಿಂದ ದೂರಕ್ಕೆ, ಹೆಚ್ಚುಕಡಿಮೆ ಪೂರ್ವಕ್ಕೆ ಚಾಚಿದೆ. ಲೆಕ್ಕ ಕೂತಿತು. ಬಾಲ ಸೂರ್ಯನ ಕಡೆಗೇ ಬಂದರೆ ಮೊದಲು ನಿಮ್ಮ ‘ಪ’ ಅನ್ನು ಅನುಮಾನಿಸಿ.

ಕೈ ಬಿಟ್ಟಿರುವಾಗಲೇ ತಲೆಯ ಅಗಲವನ್ನೂ ಅಳೆಯಬಹುದು. ಅದರ ಒಂದು ಅಂಚಿನಿಂದ ಇನ್ನೊಂದು ಅಂಚು ಹೊರಗೆ ಹೋಗುವವರೆಗೆ ಸೆಕೆಂಡು ಎಣಿಸಿ, 4ರಿಂದ ಭಾಗಿಸಿ. ಬರುವ ಅಂಕಿ ಆರ್ಕ್‌ಮಿನಿಟ್, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದ ಲೆಕ್ಕ. 40 ಸೆಕೆಂಡಿಗೆ 10 ಆರ್ಕ್‌ಮಿನಿಟ್, ಚಂದ್ರನ ಅಗಲದ ಮೂರನೇ ಒಂದು ಭಾಗ.

ಉಳಿದ ಎರಡು ಅಂಕಿ

ತಲೆ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕೆ 0ಯಿಂದ 9. ಎಲ್ಲೆಡೆ ಒಂದೇ ಸಮ ಹರಡಿದ್ದರೆ 0, ನಕ್ಷತ್ರದಂಥ ಚುಕ್ಕಿಯಾಗಿದ್ದರೆ 9.

ಮ್ಯಾಗ್ನಿಟ್ಯೂಡ್, ಅಂದರೆ ಪ್ರಕಾಶದ ಅಂಕಿಗೆ (ಅಂಕಿ ದೊಡ್ಡದಾದಷ್ಟು ಮಂಕು) ಬೈನಾಕ್ಯುಲರ್ ಒಳ್ಳೆಯದು. ಧೂಮಕೇತುವನ್ನು ಫೋಕಸ್‌ನಲ್ಲಿ ನೋಡಿ ಅದರ ಬೆಳಕನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ನಕ್ಷತ್ರದ ಫೋಕಸ್ ಕೆಡಿಸಿ ಅದನ್ನು ಅಷ್ಟೇ ಗಾತ್ರಕ್ಕೆ ಉಬ್ಬಿಸಿ ಹೋಲಿಸಿ. 5.8ರ ನಕ್ಷತ್ರಕ್ಕಿಂತ ಮಂಕು, 6.8ರದ್ದಕ್ಕಿಂತ ಪ್ರಕಾಶ, ನಡುವಿನ ಹತ್ತು ಪಾಲಿನಲ್ಲಿ ಮೂರು ಪಾಲು ಕೆಳಗೆ ಅನ್ನಿಸಿದರೆ 6.1. ಸ್ಲೊವೇನಿಯಾದವರು ನಡೆಸುವ ಕಾಬ್ಸ್ ಎಂಬ ಧೂಮಕೇತು ವೀಕ್ಷಣೆಗಳ ದಾಖಲೆಗೆ ನಮ್ಮಂಥ ಹವ್ಯಾಸಿಗಳೂ ಈ ಅಂಕಿಗಳನ್ನು ಕಳಿಸಬಹುದು. ಚಿತ್ರದ ಕೆಳಗೆ ದಿನ, ಗಂಟೆ-ನಿಮಿಷ, ಊರು, ಐಪೀಸು ಬರೆದಿರಲೇಬೇಕು.

14ರಂದು ಇನ್ನೊಂದು ಪರೀಕ್ಷೆಯೂ ಸಿಕ್ಕಿತು. ಈ ಧೂಮಕೇತು ಬ್ರಹ್ಮಹೃದಯ ನಕ್ಷತ್ರದ ಕಡೆಯಿಂದ ಮಂಗಳನ ಪಕ್ಕಕ್ಕೆ, ಅಲ್ಲಿಂದ ರೋಹಿಣಿಗೆ ಬಂದಿತ್ತು. ಅಂದರೆ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತಿತ್ತು, ಆಗ ಗಂಟೆಗೆ ನಾಲ್ಕೈದು ಆರ್ಕ್‌ಮಿನಿಟ್. ಎಂಟೂವರೆಗೆ ತಲೆಯ ಅಂಚಿನ ಹೊರಗೆ ಒಂದು ಸಣ್ಣ ನಕ್ಷತ್ರ ಇಟ್ಟಿದ್ದೆ. ಒಂಬತ್ತೂವರೆಗೆ ಮತ್ತೆ ನೋಡಿದಾಗ ಅದು ತಲೆಯ ಮಸುಕಿನೊಳಗೆ ಮಿಣುಕುತ್ತಿತ್ತು. ಹಾಳೆಯನ್ನು ತಿರುಗಿಸಿ ಚುಕ್ಕಿಗಳನ್ನು ಹೊಂದಿಸಿ, ತಲೆಯ ಹೊಸ ಜಾಗಕ್ಕೆ ಒಂದು ಗುರುತು ಹಾಕಿದೆ. ಹಳೆಯ ಜಾಗದಿಂದ ಹೊಸದಕ್ಕೆ ಎಳೆದ ಗೆರೆ 7 ಗಂಟೆಯ ಕಡೆಗೆ, ನಾನು ‘ದ’ ಎಂದು ಬರೆದಿದ್ದ ಕಡೆಗೇ ಹೋಯಿತು.