ಸ್ಟೋರೇಜ್ ಸ್ವಿಚ್‌ನ ಒಡಲು: ಒಂದು ಫ್ರೇಮೂ ಕಳೆಯದಂತೆ ಕಟ್ಟಿದ ಯಂತ್ರಾಂಶ

ಸರ್ವರ್‌ಗಳನ್ನೂ ಡಿಸ್ಕ್ ಅರೇಗಳನ್ನೂ ಬೆಸೆಯುವ ಫೈಬರ್ ಚಾನೆಲ್ ಸ್ವಿಚ್ ಹೊರನೋಟಕ್ಕೆ ಈಥರ್ನೆಟ್ ಸ್ವಿಚ್‌ನಂತೆಯೇ ಕಂಡರೂ ಅದರ ಒಳಗಿನ ಯಂತ್ರಾಂಶ ಬೇರೆಯೇ ದಾರಿಯಲ್ಲಿ ಬೆಳೆದಿದೆ. ಈಥರ್ನೆಟ್‌ನಲ್ಲಿ ದಟ್ಟಣೆಯಿಂದ ಪ್ಯಾಕೆಟ್ ಕಳೆದುಹೋದರೆ ಟಿಸಿಪಿ ಅದನ್ನು ಮತ್ತೆ ಕಳುಹಿಸುತ್ತದೆ. ಡಿಸ್ಕ್ ಪಕ್ಕದಲ್ಲೇ ಇದೆ ಎಂಬ ನಂಬಿಕೆಯಲ್ಲಿ ರೂಪುಗೊಂಡ ಸ್ಕಸಿ ಆದೇಶಗಳಿಗೆ (ಸರ್ವರ್ ಡಿಸ್ಕ್‌ಗೆ ಕೊಡುವ ಓದು-ಬರೆ ಆದೇಶಗಳು, ಫೈಬರ್ ಚಾನೆಲ್ ಸಾಗಿಸುವುದು ಇವನ್ನೇ) ಅಂಥ ನಷ್ಟ ಒಗ್ಗುವುದಿಲ್ಲ. ಒಂದೇ ಫ್ರೇಮ್, ಅಂದರೆ ದತ್ತಾಂಶದ ಒಂದು ತುಣುಕು, ಕಳೆದರೂ ಸಾಮಾನ್ಯವಾಗಿ ಇಡೀ ಆದೇಶವನ್ನು ಮತ್ತೆ ನಡೆಸಬೇಕಾಗುತ್ತದೆ.

ಹಳೆಯ ಪ್ಯಾರಲಲ್ ಸ್ಕಸಿ ಬಸ್‌ಗೆ ಹೆಚ್ಚೆಂದರೆ 16 ಸಾಧನಗಳನ್ನು ಜೋಡಿಸಬಹುದಿತ್ತು, ಕೇಬಲ್ 25 ಮೀಟರ್ ದಾಟುವಂತಿರಲಿಲ್ಲ. 1988ರಲ್ಲಿ ಆರಂಭವಾಗಿ 1994ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿಯ ಮಾನ್ಯತೆ ಪಡೆದ ಫೈಬರ್ ಚಾನೆಲ್ ಈ ಮಿತಿಗಳನ್ನು ಮುರಿಯಿತು. ಆದರೂ ಮೊದಮೊದಲು ಜನಪ್ರಿಯವಾದ, ಸಾಧನಗಳನ್ನು ಬಳೆಯಂತೆ ಜೋಡಿಸುವ ಆರ್ಬಿಟ್ರೇಟೆಡ್ ಲೂಪ್‌ನಲ್ಲಿ 126 ಸಾಧನಗಳವರೆಗೆ ಒಂದೇ ವೇಗವನ್ನು ಹಂಚಿಕೊಳ್ಳುತ್ತಿದ್ದವು, ಹೊಸದೊಂದು ಸಾಧನ ಸೇರಿದಾಗಲೆಲ್ಲ ಇಡೀ ಲೂಪ್ ಕ್ಷಣಕಾಲ ನಿಲ್ಲುತ್ತಿತ್ತು. ಕುಮಾರ್ ಮಳವಳ್ಳಿ ಮತ್ತು ಸಂಗಡಿಗರು 1995ರಲ್ಲಿ ಸ್ಥಾಪಿಸಿದ ಬ್ರೋಕೇಡ್ ಕಂಪನಿ 1997ರಲ್ಲಿ ಸಿಲ್ಕ್‌ವರ್ಮ್ ಸ್ವಿಚ್ ತಂದಾಗ ಪ್ರತಿ ಪೋರ್ಟ್‌ಗೂ ತನ್ನದೇ ಪೂರ್ಣ ವೇಗ ದೊರಕಿತು.

ಈ ಸ್ವಿಚ್‌ಗಳ ಜೀವಾಳ ಏಸಿಕ್, ಅಂದರೆ ಇದೊಂದೇ ಕೆಲಸಕ್ಕೆಂದು ರೂಪಿಸಿದ ಚಿಪ್. ಫ್ರೇಮಿನ ತಲೆಬರಹದಲ್ಲಿರುವ 24 ಬಿಟ್ ವಿಳಾಸವನ್ನು ಓದಿ, ಯಾವ ಸಾಧನ ಯಾವುದರೊಡನೆ ಮಾತಾಡಬಹುದೆಂಬ ಝೋನಿಂಗ್ ನಿಯಮವನ್ನು ಪರೀಕ್ಷಿಸಿ, ಹೊರಹೋಗುವ ಪೋರ್ಟ್ ನಿರ್ಧರಿಸುವುದೆಲ್ಲ ಅದೇ. ಬಂದ ಫ್ರೇಮ್‌ಗಳನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುವ, ಅದರೊಳಗಿನ ಬಫರ್ ಸ್ಮೃತಿಯ ಬಗ್ಗೆ ಖರೀದಿಯ ಹೊತ್ತಿನಲ್ಲಿ ಕೇಳುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದದ್ದೇ ಅದನ್ನು. ಎದುರಿನ ಪೋರ್ಟ್‌ನಲ್ಲಿ ಎಷ್ಟು ಬಫರ್ ಖಾಲಿ ಇವೆಯೋ ಕಳುಹಿಸುವ ಪೋರ್ಟ್‌ಗೆ ಅಷ್ಟು ಕ್ರೆಡಿಟ್, ಅಂದರೆ ಫ್ರೇಮ್ ಕಳುಹಿಸುವ ಅನುಮತಿ, ಇರುತ್ತದೆ. ಒಂದು ಫ್ರೇಮ್ ಹೊರಟರೆ ಒಂದು ಕ್ರೆಡಿಟ್ ಕಳೆಯುತ್ತದೆ, ಅತ್ತಲಿಂದ ಸಿದ್ಧತೆಯ ಸಂಕೇತ ಬಂದರೆ ಮರಳುತ್ತದೆ, ಸೊನ್ನೆಯಾದರೆ ಪೋರ್ಟ್ ಕಾಯುತ್ತದೆ. 1 ಗಿಗಾಬಿಟ್ ವೇಗದಲ್ಲಿ ಸುಮಾರು 2,148 ಬೈಟ್‌ಗಳ ತುಂಬು ಫ್ರೇಮೊಂದು ಬೆಳಕನ್ನು ಒಯ್ಯುವ ಗಾಜಿನ ನಾರಿನೊಳಗೆ ಸುಮಾರು 4 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಳ್ಳುತ್ತದೆ, 16 ಗಿಗಾಬಿಟ್‌ನಲ್ಲಿ ಕಾಲು ಕಿಲೋಮೀಟರ್‌ಗೆ ಕುಗ್ಗುತ್ತದೆ. ಆದ್ದರಿಂದ 10 ಕಿಲೋಮೀಟರ್ ದೂರದ ಕೊಂಡಿಯನ್ನು ಸದಾ ತುಂಬಿಟ್ಟುಕೊಳ್ಳಲು ಹಿಂದೆ 1 ಗಿಗಾಬಿಟ್‌ನಲ್ಲಿ ಐದು ಕ್ರೆಡಿಟ್ ಸಾಕಾಗಿದ್ದರೆ, 16 ಗಿಗಾಬಿಟ್‌ಗೆ ಎಂಬತ್ತರಷ್ಟು ಬೇಕು. ವೇಗ ಹೆಚ್ಚಿದಂತೆಲ್ಲ ಚಿಪ್‌ನಲ್ಲಿ ಬಫರ್ ಹೆಚ್ಚಿದ್ದು ಈ ಲೆಕ್ಕದಿಂದಲೇ.

ಪೋರ್ಟ್‌ನ ಬಾಯಿಗೆ ಸಿಕ್ಕಿಸುವ, ವಿದ್ಯುತ್ ಸಂಕೇತವನ್ನು ಬೆಳಕಾಗಿಸುವ ಆಪ್ಟಿಕಲ್ ಮಾಡ್ಯೂಲ್ ದೊಡ್ಡ ಗಾತ್ರದ ಜಿಬಿಕ್‌ನಿಂದ ಪುಟ್ಟ ಎಸ್‌ಎಫ್‌ಪಿಗೆ ಇಳಿದದ್ದರಿಂದ ಸ್ವಿಚ್‌ನ ಅದೇ ಮುಂಫಲಕದಲ್ಲಿ ಹೆಚ್ಚು ಪೋರ್ಟ್‌ಗಳಿಗೆ ಜಾಗವಾಯಿತು. ಇಲ್ಲಿ ವೇಗಕ್ಕೆ ತೆತ್ತ ಬೆಲೆ ದೂರ: 850 ನ್ಯಾನೋಮೀಟರ್ ಲೇಸರ್ ಮಾಡ್ಯೂಲ್ 8 ಗಿಗಾಬಿಟ್‌ನಲ್ಲಿ ಓಎಂ3 ದರ್ಜೆಯ ನಾರಿನ ಮೇಲೆ 150 ಮೀಟರ್ ತಲುಪಿದರೆ, 16 ಗಿಗಾಬಿಟ್‌ನಲ್ಲಿ 100 ಮೀಟರ್ ಮಾತ್ರ.

ನಿಯಂತ್ರಣ ಪ್ರೊಸೆಸರ್ ದತ್ತಾಂಶದ ದಾರಿಯಿಂದ ಹೊರಗೇ ಇರುತ್ತದೆ. ಆದಕಾರಣ ಸ್ವಿಚ್ ನಡೆಸುವ ತಂತ್ರಾಂಶವಾದ ಫರ್ಮ್‌ವೇರ್ ಬದಲಿಸುವಾಗಲೂ ಏಸಿಕ್ ಫ್ರೇಮ್‌ಗಳನ್ನು ಸಾಗಿಸುತ್ತಿರಬಲ್ಲದು. ಡೈರೆಕ್ಟರ್ ಎಂದು ಕರೆಯುವ ದೊಡ್ಡ ಚಾಸಿಗಳಲ್ಲಿ ಈ ಪ್ರೊಸೆಸರ್ ಇರುವ ಬ್ಲೇಡ್‌ಗಳೂ (ಒಳಗೆ ಸಿಕ್ಕಿಸುವ ಫಲಕಗಳು) ಎರಡೆರಡು. ಪವರ್ ಸಪ್ಲೈ ಮತ್ತು ಫ್ಯಾನ್‌ಗಳನ್ನು ಚಾಲನೆಯಲ್ಲಿರುವಾಗಲೇ ಬದಲಿಸಬಹುದು, ಆದರೆ ಗಾಳಿ ಹರಿಯುವ ದಿಕ್ಕು ಎಲ್ಲದರಲ್ಲೂ ಒಂದೇ ಇರಬೇಕು.

ನಷ್ಟವಿಲ್ಲದ ಈ ಏರ್ಪಾಡಿನಿಂದಲೇ ಇನ್ನೊಂದು ತೊಡಕು ಹುಟ್ಟಿತು. ನಿಧಾನಗತಿಯ ಒಂದು ಸರ್ವರ್ ಕ್ರೆಡಿಟ್ ಮರಳಿಸಲು ತಡಮಾಡಿದರೆ ಬಫರ್‌ಗಳು ಹಿಂದಿನ ಸ್ವಿಚ್‌ವರೆಗೂ ತುಂಬುತ್ತ ಹೋಗಿ, ಸಂಬಂಧವೇ ಇಲ್ಲದ ಸರ್ವರ್‌ಗಳೂ ಕಾಯುವಂತಾಗುತ್ತದೆ. ಪೋರ್ಟ್ ಕ್ರೆಡಿಟ್ ಇಲ್ಲದೆ ಕಾದ ಅವಧಿಯನ್ನು ಎಣಿಸುವ ಕೌಂಟರ್‌ಗಳೂ, ಅಂಥ ನಿಧಾನ ಹರಿವನ್ನು ಅದೇ ಕೊಂಡಿಯೊಳಗಿನ ಪ್ರತ್ಯೇಕ ವರ್ಚುವಲ್ ಚಾನೆಲ್‌ಗೆ ಸರಿಸುವ ಸೌಲಭ್ಯವೂ ಏಸಿಕ್‌ಗಳಲ್ಲಿ ಸೇರಿದ್ದು ಈ ತೊಡಕಿನ ಪರಿಹಾರಕ್ಕಾಗಿ.